ಪೆಟ್ಟಿಗೆಯ ಸದ್ದು

ಕೊನೆಯ ಸಲ ಹೊಡೆದ ಬಣ್ಣ ಒಣಗಿದೆಯೋ ಇಲ್ಲವೋ ಎಂದು ನೋಡಲು ಅವನು ಬಾಲ್ಕನಿಗೆ ಬಂದದ್ದು ಬೆಳಗ್ಗೆಯಿಂದ ಇದು ಐದನೆಯ ಸಲ. ಬಟ್ಟೆ ಒಣಹಾಕುವ ತಂತಿಗೆ ಎರಡು ಕೊಕ್ಕೆ ಸಿಕ್ಕಿಸಿ ನೇತುಹಾಕಿದ್ದ ತಗಡು, ಕಂಪ್ಯೂಟರ್ ಪೆಟ್ಟಿಗೆಯ ಎಡಮಗ್ಗುಲಿನದು, ಗಾಳಿಗೆ ನಿಧಾನವಾಗಿ ತಿರುಗುತ್ತ ಒಮ್ಮೆ ನೇರಳೆ ಬಣ್ಣದ ಹೊರಮೈಯನ್ನೂ ಒಮ್ಮೆ ಬೋಳು ಒಳಮೈಯನ್ನೂ ತೋರಿಸುತ್ತಿತ್ತು. ಮುಟ್ಟಿದರೆ ಬೆರಳಿನ ಗುರುತು ಬೀಳುತ್ತದೆ. ಮುಟ್ಟದಿದ್ದರೆ ಒಣಗಿದ್ದು ತಿಳಿಯುವುದಿಲ್ಲ. ಸ್ಪ್ರೇ ಡಬ್ಬಿಯ ಮೇಲೆ ಆರು ಗಂಟೆ ಎಂದು ಬರೆದಿತ್ತು, ಅವನು ಹನ್ನೆರಡು ಗಂಟೆ ಬಿಟ್ಟಿದ್ದ, ಆದರೂ ಡಬ್ಬಿಯ ಮಾತನ್ನಾಗಲಿ ತನ್ನ ಲೆಕ್ಕವನ್ನಾಗಲಿ ನಂಬುವ ಧೈರ್ಯ ಬರಲಿಲ್ಲ. ಕೊನೆಗೆ ಉಸಿರು ಬಿಗಿಹಿಡಿದು, ಯಾರ ಕಣ್ಣಿಗೂ ಬೀಳದ ಕೆಳಗಿನ ಮೂಲೆಯಲ್ಲಿ ಕಿರುಬೆರಳು ಒತ್ತಿದ. ಅಂಟಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಎದೆ ಇಷ್ಟು ಹಗುರಾಗುವುದು ಅವನಿಗೇ ನಾಚಿಕೆಯೆನಿಸಿ, ಎದುರಿನ ಮನೆಯ ಕಿಟಕಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ.

ಒಳಗೆ ಹೆಂಡತಿ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದಳು. ಪೆಟ್ಟಿಗೆ ಬಿಚ್ಚಿ ಹಾಕಿದ ನಾಲ್ಕು ದಿನದಿಂದ ಅವಳಿಗೆ ಮನೆಯಲ್ಲಿ ಕೆಲಸವಿಲ್ಲ. ಆಸ್ಪತ್ರೆಯ ಡಾಕ್ಟರುಗಳು ರೋಗಿಯನ್ನು ನೋಡಿ ಕಳಿಸಿದ ಮೇಲೆ ಕಂಡದ್ದನ್ನೆಲ್ಲ ಯಂತ್ರಕ್ಕೆ ಹೇಳಿಬಿಡುತ್ತಾರೆ. ಆ ಧ್ವನಿಗಳು ಇವಳಿಗೆ ಬರುತ್ತವೆ. ಇವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಕೇಳಿದ್ದನ್ನು ಟೈಪು ಮಾಡಿ ಕಳಿಸಬೇಕು. ಹನ್ನೊಂದು ವರ್ಷದ ಕೆಲಸ. ಯಾವ ಡಾಕ್ಟರಿಗೆ ನೆಗಡಿಯಾಗಿದೆ, ಯಾರು ಬಾಯಲ್ಲಿ ಪೆನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಾರೆ, ಯಾರು ಮನೆಗೆ ಹೋಗುವ ಅವಸರದಲ್ಲಿದ್ದಾರೆ ಎಂಬುದನ್ನೂ ಹೇಳುತ್ತಿದ್ದಳು. ಅಂಥವಳು ಕಳಿಸಿದ ಹಾಳೆಗಳಲ್ಲಿ ಎರಡು ತಿಂಗಳಿಂದ ಖಾಲಿ ಜಾಗಗಳು ಕಾಣಿಸಿಕೊಳ್ಳುತ್ತಿದ್ದವು. ಕೇಳಿಸದ ಮಾತಿನ ಜಾಗವನ್ನು ಖಾಲಿ ಬಿಡಬೇಕು, ಊಹಿಸಿ ತುಂಬಬಾರದು ಎಂಬುದು ಅಲ್ಲಿಯ ನಿಯಮ. ಮೊದಲು ಹಾಳೆಗೆ ಒಂದು, ಆಮೇಲೆ ಮೂರು, ನಾಲ್ಕು. ಆಫೀಸಿನ ಹೆಂಗಸು ಎರಡು ಸಲ ಕೆಂಪು ಪೆನ್ಸಿಲಿನಲ್ಲಿ ಸುತ್ತುಹಾಕಿ ವಾಪಸು ಕಳಿಸಿದಳು, ಮೂರನೆಯ ಸಲ ಫೋನ್ ಮಾಡಿದಳು. ನಾಳಿದ್ದು ಸೋಮವಾರ ಕಳಿಸಬೇಕಾದ ಹಾಳೆಗಳಲ್ಲೂ ಹೀಗೇ ಇದ್ದರೆ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ, ಬೇಜಾರು ಮಾಡಿಕೊಳ್ಳಬಾರದೆಂದು, ಬಹಳ ಮೆತ್ತಗೆ ಹೇಳಿದಳು. ಆ ಮೆತ್ತಗಿನ ಮಾತು ಇವಳಿಗೆ ಪೂರ್ತಿ ಕೇಳಿಸದೆ, "ಏನಂದ್ರಿ?" ಎಂದು ಎರಡೆರಡು ಸಲ ಕೇಳಬೇಕಾಯಿತು. ಫೋನಿಟ್ಟವಳು ಪೆಟ್ಟಿಗೆಯ ಕಡೆ ತಿರುಗಿ, "ಎಲ್ಲಾ ಈ ಪೀಡೆಯಿಂದ. ಸದಾ ಗುಂಯ್ ಅಂತಿರತ್ತೆ. ಮಾತೆಲ್ಲ ಅದರೊಳಗೇ ಮುಳುಗಿಹೋಗತ್ತೆ," ಎಂದಳು. ಅವನು ಅಂದೇ ಸ್ಕ್ರೂಡ್ರೈವರ್ ಹುಡುಕಿ ತೆಗೆದ.

ಹುಡುಕಿ ತೆಗೆಯುವಾಗ ಆದ ಸಂತೋಷವನ್ನು ಅವನು ಈಗಲೂ ಯಾರ ಮುಂದೂ ಒಪ್ಪುವುದಿಲ್ಲ. ಹೆಂಡತಿಯ ಕೆಲಸ ಹೋಗುವ ಹೊತ್ತಿನಲ್ಲಿ ಸಂತೋಷವೇ? ಆದರೆ ಅಂಗಡಿ ಮುಚ್ಚಿ ಐದು ತಿಂಗಳಾಗಿತ್ತು. ಮೂವತ್ತನಾಲ್ಕು ವರ್ಷ ರಬ್ಬರಿನಲ್ಲಿ ಮೊಹರು ಕೆತ್ತಿದ ಕೈ. ಈಗ ಮೊಹರನ್ನು ಯಂತ್ರ ಎರಡು ನಿಮಿಷದಲ್ಲಿ ಉಗುಳುತ್ತದೆ, ಅದೂ ಬೇಡವಾದವರು ಪರದೆಯ ಮೇಲೇ ಒತ್ತಿಕೊಳ್ಳುತ್ತಾರೆ. ಬೆರಳ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಶಾಯಿ ಮೊದಲ ತಿಂಗಳಲ್ಲೇ ತೊಳೆದುಹೋಯಿತು. ಬೆಳ್ಳಗಾದ ಬೆರಳುಗಳನ್ನು ನೋಡಿದಾಗಲೆಲ್ಲ ಯಾರದೋ ಕೈ ಎರವಲು ತಂದ ಹಾಗಿರುತ್ತಿತ್ತು. ಮನೆಯಲ್ಲಿ ಅವನು ಕುರ್ಚಿ ಎಳೆದರೆ ಅವಳು ಹೆಡ್‌ಫೋನ್ ಸರಿಸಿ ನೋಡುತ್ತಿದ್ದಳು, ಕೆಮ್ಮಿದರೆ ಟೈಪು ನಿಲ್ಲಿಸುತ್ತಿದ್ದಳು. ಬೈದವಳಲ್ಲ. ಆದರೂ ಅವನು ತುದಿಗಾಲಲ್ಲಿ ನಡೆಯುವುದನ್ನು ಕಲಿತ, ಲೋಟವನ್ನು ಬಟ್ಟೆಯ ಮೇಲೆ ಇಡುವುದನ್ನು ಕಲಿತ. ಈ ಮನೆಯಲ್ಲಿ ಬೇಡದ ಸದ್ದು ತಾನೊಬ್ಬನೇ ಎಂದುಕೊಂಡಿದ್ದವನಿಗೆ, ಪೆಟ್ಟಿಗೆಯೇ ಕಳ್ಳ ಎಂದು ಅವಳು ಬೆರಳು ಮಾಡಿ ತೋರಿಸಿದಾಗ ಖುಷಿಯಾಗದೆ ಏನು.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಒಳಗಿರುವ ಚಿಕ್ಕ ಫ್ಯಾನು ಜೀವ ಹೋಗುವ ಹಾಗೆ ತಿರುಗುವುದರಿಂದ ಸದ್ದು. ಪಕ್ಕದ ತಗಡಿನಲ್ಲಿ ಅಗಲವಾದ ತೂತು ಕೊರೆದು ದೊಡ್ಡ ಫ್ಯಾನು ಕೂರಿಸಿದರೆ ಅದು ನಿಧಾನವಾಗಿ ತಿರುಗಿದರೂ ಸಾಕು, ಪೆಟ್ಟಿಗೆ ತಣ್ಣಗಿರುತ್ತದೆ. ಹೀಗೆಂದು ಹೇಳಿ ಫ್ಯಾನು ತಂದುಕೊಟ್ಟವನು ಕಂಪ್ಯೂಟರ್ ರಿಪೇರಿಯ ಭಾವಮೈದ. ತೂತನ್ನೂ ತಾನೇ ಕೊರೆದುಕೊಡುತ್ತೇನೆ ಎಂದ. ಇವನೇ ಬೇಡವೆಂದ. ಕೂದಲೆಳೆಯಷ್ಟು ಗೆರೆಯನ್ನು ಕೆತ್ತಿದವನಿಗೆ ತಗಡಿನಲ್ಲಿ ಒಂದು ಗುಂಡಗಿನ ತೂತು ಯಾವ ಲೆಕ್ಕ? ಪೆಟ್ಟಿಗೆಯ ತೆರೆದ ಮಗ್ಗುಲಿಗೆ ಹೊರಗಡೆಯಿಂದ ಒಂದು ತೆಳು ಕಾಗದ ಹಿಡಿದು, ಒಳಗೆ ಬಿಸಿಯಾಗುವ ಭಾಗ ಎಲ್ಲಿದೆಯೋ ಅಲ್ಲಿ ಪೆನ್ಸಿಲಿನಿಂದ ವೃತ್ತ ಎಳೆದ. ಆಮೇಲೆ ಕಾಗದವನ್ನು ತಗಡಿನ ಹೊರಮೈ ಮೇಲಿಟ್ಟು ಉಗುರಿನಿಂದ ಉಜ್ಜಿದ. ಪೆನ್ಸಿಲಿನ ಗುರುತು ತಗಡಿಗೆ ಹತ್ತಿತು. ಗುರುತಿನ ಸುತ್ತ ಡ್ರಿಲ್ಲಿನಲ್ಲಿ ಒತ್ತೊತ್ತಾಗಿ ಸಣ್ಣ ತೂತುಗಳನ್ನು ಹೊಡೆದು, ನಡುವಿನ ಎಳೆಗಳನ್ನು ತಗಡು ಕತ್ತರಿಯಿಂದ ಕತ್ತರಿಸಿ, ಅಂಚನ್ನು ಅರದಿಂದ ತೀಡಿ ತೀಡಿ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಎಲ್ಲೂ ತಡೆಯದ ಹಾಗೆ ಮಾಡಿದ. ಇಡೀ ಮಧ್ಯಾಹ್ನ ಹಿಡಿಯಿತು. ಐದು ತಿಂಗಳಲ್ಲಿ ಅಂಥ ಮಧ್ಯಾಹ್ನ ಇನ್ನೊಂದಿರಲಿಲ್ಲ. ತಗಡನ್ನು ಪೆಟ್ಟಿಗೆಗೆ ಜೋಡಿಸಿ ನೋಡುತ್ತಾನೆ, ತೂತು ಹಿಂದುಗಡೆ ಇರಬೇಕಾದದ್ದು ಮುಂದುಗಡೆ ಇದೆ. ತೂತಿನೊಳಗಿಂದ ಡಿಸ್ಕು ಹಾಕುವ ಗೂಡಿನ ಬೆನ್ನು ಅವನನ್ನು ನೋಡುತ್ತಿತ್ತು.

ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಕಾಗದವನ್ನು ಬರೆದ ಮುಖ ಕೆಳಗೆ ಮಾಡಿ ಇಟ್ಟಿದ್ದ. ಮೊಹರಿಗೆ ಹಾಗೆಯೇ ಇಡಬೇಕು. ಬರೆದದ್ದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಜ್ಜಿದರೆ ಅಕ್ಷರ ಎಡಬಲ ಅದಲುಬದಲಾಗಿ ಮೂಡುತ್ತದೆ, ಹಾಗೆ ಕೆತ್ತಿದರೇ ಒತ್ತಿದಾಗ ನೆಟ್ಟಗೆ ಬರುವುದು. ಅಂಗಡಿಯಲ್ಲಿ ಅವನ ಅಡ್ಡಹೆಸರೇ ಕನ್ನಡಿ. ಎಷ್ಟು ಜನ, ಎಷ್ಟು ಆಫೀಸು, ಎಷ್ಟು ಹೆಸರು; ನೆಟ್ಟಗಿನ ಬರಹಕ್ಕಿಂತ ತಿರುಗಿಸಿದ ಬರಹವನ್ನೇ ಅವನು ಬೇಗ ಓದುತ್ತಿದ್ದ. ಕೈ ತನ್ನ ಪಾಡಿಗೆ ತಾನು ಮೂವತ್ತನಾಲ್ಕು ವರ್ಷದ ಕೆಲಸ ಮಾಡಿ ಮುಗಿಸಿತ್ತು, ತಲೆಯನ್ನು ಒಂದು ಮಾತೂ ಕೇಳಿರಲಿಲ್ಲ. ಸಂಜೆ ಬಂದ ಭಾವಮೈದ ತಗಡನ್ನು ಎತ್ತಿ ಹಿಡಿದು ನೋಡಿದ, ಪೆಟ್ಟಿಗೆ ನೋಡಿದ, ಮತ್ತೆ ತಗಡು ನೋಡಿದ. ನಗು ತಡೆಯಲು ಹೋಗಿ ಮೂಗಿನಿಂದ ನಕ್ಕ.

"ಭಾವ, ನೀವು ತಪ್ಪೇನೂ ಮಾಡಿಲ್ಲ ಬಿಡಿ. ಪೆಟ್ಟಿಗೆನ ಕನ್ನಡಿ ಮುಂದೆ ಇಟ್ಟು ನೋಡಿದ್ರೆ ಸರಿಯಾಗೇ ಇದೆ."

ಅವನೂ ನಕ್ಕ. ನಗಲೇಬೇಕಲ್ಲ. ಹೆಂಡತಿಯ ತಮ್ಮ, ಒಳ್ಳೆಯವನು, ಕರೆದಾಗ ಬರುವವನು. "ನಿಮ್ಮಕ್ಕನಿಗೆ ಹೇಳ್ಬೇಡ," ಎಂದ, ತಮಾಷೆಯ ದನಿಯಲ್ಲೇ. ಭಾವಮೈದ ಬಾಯಿಗೆ ಬೀಗ ಹಾಕಿದಂತೆ ಸನ್ನೆ ಮಾಡಿ, ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತ, ಏನೋ ನೆನಪಾದವನಂತೆ ಕೇಳಿದ: "ಅಲ್ಲ ಭಾವ, ಅಕ್ಕ ಕಿವಿ ತುಂಬ ಹೆಡ್‌ಫೋನ್ ಹಾಕ್ಕೊಂಡಿರ್ತಾಳೆ. ಆದ್ರೂ ಕೇಳುತ್ತಂತಾ ಈ ಸದ್ದು? ನಂಗೇನೋ ಅಷ್ಟೇನಿಲ್ಲ ಅನ್ಸತ್ತೆ."

"ಇಡೀ ದಿನ ಇದರ ಮುಂದೆ ಕೂತವರಿಗೆ ಗೊತ್ತಾಗೋದು," ಎಂದು ಅವನು ಚುರುಕಾಗಿ ಹೇಳಿದ. ತಪ್ಪು ತೂತಿನ ಅವಮಾನಕ್ಕೆ ಅಷ್ಟಾದರೂ ತಿರುಗಿ ಕೊಟ್ಟಂತಾಯಿತು. ಆ ರಾತ್ರಿ ಊಟ ಮಾಡುವಾಗ ಭಾವಮೈದನ ಮಾತು ಇನ್ನೊಂದು ಸಲ ತಲೆಯೊಳಗೆ ಬಂತು. ಅವನು ಅದನ್ನು ಒಳಗೆ ಕರೆಯಲಿಲ್ಲ. ಪೆಟ್ಟಿಗೆ ತಪ್ಪಿತಸ್ಥನಾಗಿರುವುದು ಅವನಿಗೆ ಬೇಕಾಗಿತ್ತು.

ಮಾರನೆಯ ದಿನ ಸರಿಯಾದ ಜಾಗದಲ್ಲಿ ಇನ್ನೊಂದು ತೂತು ಕೊರೆದು, ತಪ್ಪು ತೂತಿಗೆ ಹಿಂದಿನಿಂದ ತಗಡಿನ ಬಿಲ್ಲೆ ಅಂಟಿಸಿ, ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿದ. ಒರಟು ಕಾಗದ, ಆಮೇಲೆ ನಯವಾದದ್ದು, ಆಮೇಲೆ ನೀರಲ್ಲಿ ಅದ್ದಿದ ಇನ್ನೂ ನಯವಾದದ್ದು. ಉಜ್ಜುತ್ತ ಉಜ್ಜುತ್ತ ಚಿಕ್ಕಪ್ಪ ನೆನಪಾದ. ಅವನನ್ನು ಅಂಗಡಿಗೆ ಸೇರಿಸಿದವನು, ಚಾಕು ಹಿಡಿಯುವುದನ್ನು ಕಲಿಸಿದವನು. ಚಿಕ್ಕಪ್ಪನ ಕಣ್ಣು ಮಂಜಾಗುತ್ತಿದೆಯೆಂದು ಮೊದಲು ಕಂಡುಕೊಂಡವನು ಇವನೇ. ಅಕ್ಷರದ ಹೊಟ್ಟೆಗಳು ಮುಚ್ಚಿಕೊಳ್ಳುತ್ತಿದ್ದವು, ಗೆರೆಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಚಿಕ್ಕಪ್ಪ ಕೆತ್ತಿ ಇಟ್ಟದ್ದನ್ನು ಊಟದ ಹೊತ್ತಿನಲ್ಲಿ ತೆಗೆದು ಸರಿಮಾಡಿ ಅಲ್ಲೇ ಇಡುತ್ತಿದ್ದ, ಒಂದು ವರ್ಷ. ಯಾರೂ ಹೇಳದಿದ್ದರೂ ಮಾಡುತ್ತಿದ್ದ, ಯಾರಿಗೂ ಹೇಳದೆ ಮಾಡುತ್ತಿದ್ದ. ಒಂದು ದಿನ ಏನೋ ಸಿಟ್ಟು, ಏತಕ್ಕೆಂದು ಈಗ ನೆನಪೂ ಇಲ್ಲ, ಸರಿಮಾಡದೆ ಬಿಟ್ಟ. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಅದನ್ನು ಅಂಗಡಿಯ ಕಟ್ಟೆಯ ಮೇಲೇ ಒತ್ತಿ ನೋಡಿ, "ಇದೇನು, ಸೊಳ್ಳೆ ಹೊಡೆದ ಹಾಗಿದೆ," ಎಂದು ನಕ್ಕಳು. ಅಂಗಡಿಯವರೆಲ್ಲ ನಕ್ಕರು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಪ್ಪ, "ನಿಂಗೆ ಎಷ್ಟು ದಿನದಿಂದ ಗೊತ್ತೋ?" ಎಂದು ಕೇಳಿದ. "ಏನು ಚಿಕ್ಕಪ್ಪ?" ಎಂದ ಇವನು. ಚಿಕ್ಕಪ್ಪ ಮತ್ತೆ ಕೇಳಲಿಲ್ಲ. ಮಾರನೆಯ ದಿನದಿಂದ ಅಂಗಡಿಗೂ ಬರಲಿಲ್ಲ. ಪುಟ್ಟಿಯ ಪುಡಿ ಮೂಗಿಗೆ ಹತ್ತಿ ಅವನು ಸೀನಿದ, ಸೀನಿದ್ದು ಒಳಗೆ ಕೇಳಿಸಿತೇನೋ ಎಂದು ಹಿಂತಿರುಗಿ ನೋಡಿದ. ಅವಳು ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದಳು, ತಿರುಗಲಿಲ್ಲ.

ಈಗ ತಗಡನ್ನು ಎರಡು ಅಂಗೈಗಳ ನಡುವೆ ಹಿಡಿದು ಒಳಗೆ ತಂದು, ಮೇಜಿನ ಮೇಲೆ ಹಾಸಿದ್ದ ಹಳೆಯ ಬೆಡ್‌ಶೀಟಿನ ಮೇಲೆ ಇಟ್ಟ. ಅವಳು ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದಳು.

"ಪೆಟ್ಟಿಗೆದು ಆ ಹಳದಿ ಹಲ್ಲಿನಂಥ ಬಣ್ಣ ಹೋದ್ರೆ ಸಾಕು ಅಂದಿದ್ದೆ. ಇದೇನ್ರೀ, ನಿಮ್ಮ ಶಾಯಿ ಬಣ್ಣಾನೇ ತಂದಿದೀರಲ್ಲ!"

"ಶಾಯಿ ಬಣ್ಣ ಎಲ್ಲಿ? ಅಂಗಡಿಯವನು ನೇರಳೆ ಅಂದ."

"ಇಪ್ಪತ್ತೈದು ವರ್ಷ ಆ ಬಣ್ಣದ ಅಂಗಿ ತೋಳು ಒಗೆದವಳು ನಾನು. ನಂಗೆ ಹೇಳ್ತೀರಾ?" ಅವಳು ನಗುತ್ತ ತಗಡಿನ ಮೇಲೆ ಬೆರಳಾಡಿಸಿದಳು. ಬೆರಳು ಮುಂದುಗಡೆಯ ಮೂಲೆಗೆ ಹೋಗಿ, ಪುಟ್ಟಿ ತುಂಬಿದ ಜಾಗದ ಮೇಲೆ ಒಂದು ಸುತ್ತು ಸುತ್ತಿ ನಿಂತಿತು. ಅವನ ಮುಖ ಹುಳ್ಳಗಾಯಿತು. ಕಣ್ಣಿಗೆ ಏನೂ ಕಾಣದ ಹಾಗೆ ಮಾಡಿದ್ದ. ಬೆರಳಿನ ಯೋಚನೆ ಬಂದಿರಲಿಲ್ಲ. ಅವಳು ಬೆರಳು ತೆಗೆದಳು. "ಚೆನ್ನಾಗಿದೆ," ಎಂದಳು. ತಮ್ಮ ಹೇಳಿರಬೇಕು, ಅಥವಾ ಹೇಳದೆಯೂ ಇದ್ದಿರಬಹುದು. ಎರಡರಲ್ಲಿ ಯಾವುದಾದರೂ ಅವಳು ಹೀಗೆಯೇ ಚೆನ್ನಾಗಿದೆ ಎನ್ನುತ್ತಿದ್ದಳು.

ಅವನು ಫ್ಯಾನಿನ ನಾಲ್ಕು ಮೂಲೆಗೂ ರಬ್ಬರಿನ ತುಂಡು ಇಟ್ಟು ಸ್ಕ್ರೂ ಬಿಗಿಯತೊಡಗಿದ. ರಬ್ಬರು ಅವನೇ ಕತ್ತರಿಸಿದ್ದು, ಅಂಗಡಿಯಲ್ಲಿ ಉಳಿದ ಹಾಳೆಯಿಂದ. ತಗಡಿಗೂ ಫ್ಯಾನಿಗೂ ನಡುವೆ ಇದಿದ್ದರೆ ನಡುಕ ತಗಡಿಗೆ ಹತ್ತುವುದಿಲ್ಲ. ಪೆಟ್ಟಿಗೆಯ ಕೆಳಗೂ ನಾಲ್ಕು ರಬ್ಬರ್ ಕಾಲು. ಬೀದಿಯಲ್ಲಿ ಒಂದು ಗಾಡಿ ಹೋಯಿತು, ಆಮೇಲೆ ಏನೂ ಇಲ್ಲ. ಶನಿವಾರದ ನಡುಮಧ್ಯಾಹ್ನ, ಇಡೀ ಕಟ್ಟಡ ಉಂಡು ಮಲಗಿತ್ತು.

"ಪಕ್ಕದವರು ಇವತ್ತೂ ನೀರಿನ ಪಂಪು ಹಾಕಿದಾರಾ?" ಅವಳು ಕಿಟಕಿಯ ಕಡೆ ನೋಡಿ ಕೇಳಿದಳು.

"ಹೂಂ," ಎಂದ ಅವನು, ಎರಡನೆಯ ಸ್ಕ್ರೂ ಕೈಜಾರಿದ್ದರಿಂದ ಹುಡುಕುತ್ತ.

"ನನ್ನ ತಮ್ಮನ ಅಂಗಡೀಲೂ ಹಾಗೇ. ಮೊನ್ನೆ ಎರಡು ಹಾಳೆ ಟೈಪು ಮಾಡೋಣ ಅಂತ ಹೋದ್ರೆ ಅಲ್ಲಿನ ಯಂತ್ರ ಎಲ್ಲಾ ಇದಕ್ಕಿಂತ ಜೋರು. ಅದು ಹೇಗೆ ಇಡೀ ದಿನ ಕೂತಿರ್ತಾನೋ."

"ಇನ್ನೇನು, ಐದು ನಿಮಿಷ. ನೋಡ್ತಿರು," ಎಂದ ಅವನು. ಸ್ಕ್ರೂ ಸಿಕ್ಕಿತು. ಕೂರಿಸಿದ. ನಾಲ್ಕನೆಯದನ್ನೂ ಕೂರಿಸಿ, ತಗಡನ್ನು ಪೆಟ್ಟಿಗೆಗೆ ಹೊಂದಿಸಿ ಅಂಗೈಯಿಂದ ಮೆಲ್ಲಗೆ ದೂಡಿದಾಗ ಅದು ಕಟ್ ಎಂದು ತನ್ನ ಜಾಗದಲ್ಲಿ ಕೂತ ರೀತಿ, ಅಬ್ಬ, ಅದೊಂದಕ್ಕೆ ನಾಲ್ಕು ದಿನವೂ ಸಾರ್ಥಕವೆನಿಸಿತು. ಹಿಂದಿನ ವೈರುಗಳನ್ನೆಲ್ಲ ಚುಚ್ಚಿ, ಉಳಿದ ಒಂದನ್ನು, ಗೋಡೆಗೆ ಹಾಕುವ ದಪ್ಪ ವೈರನ್ನು ಕೈಯಲ್ಲಿ ಹಿಡಿದು ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಗೋಡೆಯ ಪ್ಲಗ್ಗಿಗೆ ಚುಚ್ಚಿದ ತಕ್ಷಣ ತಾನಾಗಿ ಶುರುವಾಗುವ ಹಾಗೆ ಭಾವಮೈದ ಮೊದಲೇ ಮಾಡಿಟ್ಟಿದ್ದ.

"ಈಗ ಹಾಕ್ತೀನಿ. ನೀನು ಸುಮ್ನೆ ಕೇಳು. ಕೇಳಿ ಹೇಳು."

ಅವಳು ಕೆಲಸಕ್ಕೆ ಕೂರುವ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿಕೊಂಡಳು. ಅವನು ಮೇಜಿನ ಕೆಳಗೆ ತೂರಿದ. ಮಂಡಿಯ ಚಿಪ್ಪು ಕಟಕಟ ಎಂದಿತು. ಗೋಡೆಯ ಮೂಲೆಯಲ್ಲಿ ಧೂಳಿನ ಉಂಡೆ, ಒಂದು ಪೆನ್ನಿನ ಮುಚ್ಚಳ, ಅವಳ ಎರಡು ಬರಿಗಾಲು. ಪ್ಲಗ್ಗಿನ ತೂತು ಬಿಗಿ. ಅವನು ಬಗ್ಗಿಕೊಂಡೇ ಕತ್ತು ವಾಲಿಸಿ ತುದಿಯನ್ನು ಅತ್ತಿತ್ತ ತಿರುಗಿಸುತ್ತಿದ್ದ. ಆಗ ಮೇಲಿನಿಂದ ಅವಳ ದನಿ ಬಂತು.

"ಹೂಂ… ಕೇಳ್ತಿದೆ. ಪೂರ್ತಿ ಹೋಗಿಲ್ಲ. ಆದ್ರೆ ಮೊದಲಿನಷ್ಟಿಲ್ಲ ಕಣ್ರೀ, ಎಷ್ಟೋ ವಾಸಿ. ನಿಜವಾಗ್ಲೂ ಎಷ್ಟೋ ವಾಸಿ."

ಅವನ ಕೈಯಲ್ಲಿ ಪ್ಲಗ್ಗು ಹಾಗೇ ಇತ್ತು. ಹಿತ್ತಾಳೆಯ ಮೂರು ಕಡ್ಡಿಗಳು ಮೂರೂ ಹೊರಗಿದ್ದವು. ಮೊದಲು ಅನ್ನಿಸಿದ್ದು ಅವಳ ಬಗ್ಗೆ ಅಲ್ಲ. ನಾಲ್ಕು ದಿನ, ಎರಡು ತೂತು, ಮೂರು ಸಲ ಬಣ್ಣ, ಎಲ್ಲ ನೀರಲ್ಲಿ ಹೋಯಿತಲ್ಲ ಎಂದು. ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಆಮೇಲೆ ನೀರಿನ ಪಂಪು. ಪಕ್ಕದವರು ಊರಿಗೆ ಹೋಗಿ ವಾರವಾಗಿತ್ತು. ಬೀಗದ ಕೈ ಇದೇ ಮನೆಯ ಮೊಳೆಗೆ ನೇತಾಡುತ್ತಿತ್ತು. ಹೂಂ ಎಂದಿದ್ದ. ಎರಡು ತಿಂಗಳಿಂದ ಎಷ್ಟು ಸಲ ಹೀಗೆ ಹೂಂ ಎಂದಿದ್ದಾನೋ. ಹೆದರಿಕೆಯಾಯಿತು, ಸಣ್ಣಪುಟ್ಟದ್ದಲ್ಲ. ಕೇಳುವುದೇ ಅವಳ ಕಸುಬು, ಕೇಳುವುದೇ ಅವಳ ಜಂಬ. ಈಗ ಸುಮ್ಮನೆ ಪ್ಲಗ್ಗು ಒಳಗೆ ದೂಡಿದರೆ ಏನಾಗುತ್ತದೆ? ಪೆಟ್ಟಿಗೆ ಶುರುವಾಗುತ್ತದೆ. ತೆವಳಿಕೊಂಡು ಹೊರಗೆ ಬಂದು ಕೈ ಕೊಡವಿ, ನೋಡಿದೆಯಾ ಎನ್ನಬಹುದು. ಅವಳು ಹೊಗಳುತ್ತಾಳೆ. ಸೋಮವಾರದ ಹಾಳೆಗಳಲ್ಲಿ ಮತ್ತೆ ಖಾಲಿ ಜಾಗ. ಆಗ ಫ್ಯಾನು ಸರಿಯಿಲ್ಲ ಎನ್ನಬಹುದು, ಇನ್ನೊಂದು ಫ್ಯಾನು, ಇನ್ನೊಂದು ತೂತು. ಅವಳಿಗೆ ಹಿತವಾಗುವ ಹಾಗೆ ಬಹಳ ದಿನ ತಳ್ಳಬಹುದು. ಅದು ಎಷ್ಟು ಸುಲಭವಾಗಿ ಬೆರಳ ತುದಿಗೆ ಬಂದು ನಿಂತಿತ್ತೆಂದರೆ ಅವನಿಗೆ ತನ್ನ ಕೈಯ ಮೇಲೆಯೇ ಭಯ ಹುಟ್ಟಿತು.

ಅವನು ಹಿಂದೆ ಸರಿದು, ಮೇಜಿನ ಅಂಚಿಗೆ ತಲೆ ಬಡಿಸಿಕೊಂಡು, ಎದ್ದು ನಿಂತ. ವೈರನ್ನು ಎಳೆದು ಪ್ಲಗ್ಗನ್ನು ಅವಳ ಮುಂದೆ, ಕೀಲಿಮಣೆಯ ಪಕ್ಕದಲ್ಲಿ ಇಟ್ಟ. ಅವಳು ಕಣ್ಣು ತೆರೆದಳು. ಪ್ಲಗ್ಗನ್ನು ನೋಡಿದಳು. ಕಪ್ಪು ಪರದೆ ನೋಡಿದಳು. ಪೆಟ್ಟಿಗೆಯ ನೇರಳೆ ತಗಡಿನ ಮೇಲೆ ಕೈಯಿಟ್ಟಳು, ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ.

"ಹಾಕೇ ಇಲ್ಲ," ಎಂದಳು.

"ಇಲ್ಲ."

ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಮಲಗಿದಾಗ್ಲೂ ಕೇಳತ್ತೆ," ಎಂದಳು. "ಪಂಪು ಅಂದ್ಕೊಂಡಿದ್ದೆ. ಇಲ್ಲಾಂದ್ರೆ ಫ್ರಿಜ್ಜು. ಏನೋ ಒಂದು ಇರತ್ತಲ್ಲ, ಮನೆ ಅಂದಮೇಲೆ."

"ನಾನೂ ಕೇಳಬೇಕಿತ್ತು ನಿನ್ನ. ಕೇಳ್ಲಿಲ್ಲ. ತಪ್ಪು ನಂದೇ."

"ನಿಮ್ದೇನು ತಪ್ಪು. ನೀವು ಪಾಪ ತೂತು ಮುಚ್ಚೋದ್ರಲ್ಲಿದ್ರಿ." ಅವಳ ತುಟಿಯ ಮೂಲೆಯಲ್ಲಿ ಸ್ವಲ್ಪ ನಗು ಬಂತು, ಬಂದದ್ದು ಹಾಗೆಯೇ ಹೋಯಿತು. "ಸೋಮವಾರ ಏನ್ ಕಳಿಸ್ಲಿ?"

"ಕಳಿಸ್ಬೇಡ. ಫೋನ್ ಮಾಡಿ ಇರೋದನ್ನ ಹೇಳೋಣ. ಕಿವಿ ಡಾಕ್ಟರು ಆ ಆಸ್ಪತ್ರೇಲೇ ಇದಾರಲ್ಲ, ಒಂದ್ಸಲ ತೋರಿಸೋಣ."

"ಅವರು ನಂಗೆ ಗೊತ್ತು. ಮುಖ ನೋಡಿಲ್ಲ. ಮಾತು ಮುಗಿಸೋವಾಗ ದನಿ ಇಳಿಸಿಬಿಡ್ತಾರೆ." ಅವಳು ಪ್ಲಗ್ಗಿನ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಖಾಲಿ ಜಾಗ ಜಾಸ್ತಿ ಅವರ ಹಾಳೇಲೇ ಬಿಟ್ಟಿರೋದು."

ಅವನು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತ. ಸ್ಟೂಲು ನೆಲಕ್ಕೆ ಕಿರ್ ಎಂದು ಉಜ್ಜಿತು, ಅವನು ಅದನ್ನು ಎತ್ತಿ ಹಿಡಿಯಲು ಹೋಗಲಿಲ್ಲ. "ಹೇಗಿರತ್ತೆ ಅದು?" ಎಂದು ಕೇಳಿದ.

"ಹೇಗೆ ಅಂದ್ರೆ?"

"ಹಾಡಿ ತೋರ್ಸು."

"ನಾನು ಬಾಯಿ ತೆಗೆದ್ರೆ ಅದು ಸರಿಯಾಗಿ ಗೊತ್ತಾಗಲ್ಲ. ನೀವು ಮಾಡಿ, ನಾನು ಹೇಳ್ತೀನಿ."

ಅವನು ತುಟಿ ಮುಚ್ಚಿ ಮ್ ಎಂದ. ಅಷ್ಟು ದಪ್ಪ ಅಲ್ಲ, ಎಂದಳು. ಸ್ವಲ್ಪ ಏರಿಸಿದ. ಇನ್ನೂ ಮೇಲೆ, ಎಂದಳು, ಕಣ್ಣು ಮುಚ್ಚಿ ಬೆರಳನ್ನು ಗಾಳಿಯಲ್ಲಿ ಎತ್ತುತ್ತ. ಅಯ್ಯೋ ಅಷ್ಟು ಬೇಡ, ಕೆಳಗೆ. ಇನ್ನು ಸಣ್ಣಗೆ, ಮೂಗಿನಲ್ಲಿ. ಅವನಿಗೆ ಹಾಡು ಬರುತ್ತಿರಲಿಲ್ಲ, ಮದುವೆಯಾದಾಗಿನಿಂದ ಅವಳ ಮುಂದೆ ಒಂದು ಸಾಲು ಗುನುಗಿದವನಲ್ಲ. ನಾಚಿಕೆ ಬಿಟ್ಟು ಹುಡುಕಿದ. ಒಂದು ಕಡೆ ಅವಳ ಬೆರಳು ತಟ್ಟನೆ ನಿಂತಿತು. "ಹಾಂ. ಅಲ್ಲೇ. ಅದೇ ಸದ್ದು," ಎಂದಳು. ಅವನು ಅದನ್ನೇ ಹಿಡಿದ. ಸಣ್ಣ, ಒಂದೇ ಸಮನೆಯ, ಎಲ್ಲಿಗೂ ಹೋಗದ ಸದ್ದು. ಇಂಥದ್ದನ್ನು ಇಟ್ಟುಕೊಂಡು ಇವಳು ಅಡುಗೆ ಮಾಡಿದ್ದಾಳೆ, ನಕ್ಕಿದ್ದಾಳೆ, ಮಲಗಿದ್ದಾಳೆ. ಉಸಿರು ಇರುವಷ್ಟು ಹೊತ್ತು ಹಿಡಿದ. ಕಿವಿಯೆಲ್ಲ ಬಿಸಿಯಾಗಿ ಎದೆ ಖಾಲಿಯಾದ ಮೇಲೆ ನಿಲ್ಲಿಸಿದ. ಕೋಣೆಯಲ್ಲಿ ಏನೂ ಸದ್ದಿರಲಿಲ್ಲ.

ಅವಳು ಬೆರಳೆತ್ತಿಕೊಂಡು ಹಾಗೆಯೇ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು ಅವನ ತುಟಿಗಳನ್ನು ನೋಡಿದಳು.

"ಯಾವಾಗ ನಿಲ್ಸಿದ್ರಿ?" ಎಂದು ಕೇಳಿದಳು.